ಬೆರಳಿಗೆ ಕಟ್ಟು, ಹಿಮ್ಮಡಿಗೆ ಬಿಡುಗಡೆ

ಮೈಸೂರಿನಿಂದ ಬರುವ ರಸ್ತೆ ಹೆಗ್ಗಡದೇವನಕೋಟೆಯ ಕಡೆಗೂ ಸರಗೂರಿನ ಕಡೆಗೂ ಕವಲೊಡೆಯುವ ನಮ್ಮ ಹ್ಯಾಂಡ್‌ಪೋಸ್ಟಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ. ಕಳೆದ ಬೇಸಗೆಯಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಅವರ ಮುಂದೆ ನಿಂತಿದ್ದೆ. ಅವರು ಹಳೆಯ ದಾರವನ್ನು ಕಿತ್ತು, ಹೊಸ ಪಟ್ಟಿಯನ್ನು ಸೇರಿಸಿ, ನನ್ನ ಕಾಲಿಗೆ ಹಾಕಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಕಾಲು ಆಗಾಗ ಜಾರುತ್ತದೆ, ಹಿಂದಕ್ಕೂ ಒಂದು ಪಟ್ಟಿ ಹಾಕಿಬಿಡಿ ಎಂದು ನಾನು ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. "ಉಂಗುಷ್ಠ ಬಿಗಿಯಾಗಿರಬೇಕು ಮೇಷ್ಟ್ರೇ. ಹಿಮ್ಮಡೀನ ಈ ಅಟ್ಟೆಗೆ ಬಿಗಿದ್ರೆ ಕಾಲು ನಡೆಯಲ್ಲ, ಚಪ್ಪಲಿ ನಡೆಸುತ್ತೆ" ಎಂದರು.

ಈ ಮಾತನ್ನು ಕೇಳಿ ನಾನು ನಕ್ಕುದನ್ನು ಕಂಡು ಅವರಿಗೆ ಆಶ್ಚರ್ಯವಾಗಿರಬೇಕು. ಅದಕ್ಕೂ ಕೆಲವು ವಾರಗಳ ಹಿಂದೆ, ಅಮೆರಿಕೆಯ ಮಿನ್ನಿಯಾಪೊಲಿಸ್ ನಗರದಲ್ಲಿ ನನ್ನ ತಂಗಿಯ ಮಗಳ ಮನೆಯ ಅಡುಗೆಕೋಣೆಯಲ್ಲಿ ಕುಳಿತು, ಮೂರು ದಿನ ತಲೆ ಕೆಡಿಸಿಕೊಂಡು ನಾನು ಅರಿತ ವಿಷಯವೂ ಇದೇ ಆಗಿತ್ತು. ಅಲ್ಲಿ ನಮ್ಮೆದುರು ಇದ್ದುದು ಚಪ್ಪಲಿಯಲ್ಲ. ಹಿಮದ ಮೇಲೆ ಓಡಲು ಕಾಲಿಗೆ ಕಟ್ಟಿಕೊಳ್ಳುವ ಸ್ಕೀ ಎಂಬ ಉದ್ದನೆಯ ಹಲಗೆ. ಆ ಹಲಗೆಗೂ ಬೂಟಿಗೂ ನಡುವೆ ಇರುವ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಕಟ್ಟಿನ ವಿಷಯವನ್ನೇ ಈ ಲೇಖನದಲ್ಲಿ ಓದುಗರ ಮುಂದಿಡಬೇಕೆಂದಿದ್ದೇನೆ. ಹಿಮವೇ ಬೀಳದ ನಾಡಿನಲ್ಲಿ ಇದರಿಂದೇನು ಪ್ರಯೋಜನ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ನನ್ನ ಸೋದರಸೊಸೆಯ ಮಗನಿಗೆ ಹನ್ನೊಂದು ವರ್ಷ. ಮಿನ್ನೆಸೋಟದ ಶಾಲೆಗಳಲ್ಲಿ ನಮ್ಮಲ್ಲಿ ಕಬಡ್ಡಿ ಇರುವಂತೆ ಸ್ಕೀ ಓಟವಿದೆ. ಹುಡುಗ ಆ ತಂಡಕ್ಕೆ ಹೆಸರು ಕೊಟ್ಟಿದ್ದ. ಸ್ಕೀ ಹಲಗೆಯನ್ನು ತಂಡದವರೇ ಎರವಲು ಕೊಡುತ್ತಾರೆ, ಬೂಟನ್ನು ಮಾತ್ರ ಮನೆಯವರು ಕೊಳ್ಳಬೇಕು. ತಾಯಿ ದೂರವಾಣಿಯಲ್ಲಿ ನನ್ನನ್ನು ಕೇಳಿದಳು. "ಬೆಳೆಯುವ ಹುಡುಗ ಕಣವ್ವ, ಎರಡು ಸೈಜು ದೊಡ್ಡದನ್ನೇ ತೆಗೆದುಕೊ. ಮುಂದಿನ ವರ್ಷಕ್ಕೂ ಬರುತ್ತದೆ" ಎಂದೆ. ನಮ್ಮ ಮನೆಗಳಲ್ಲಿ ಶಾಲೆಯ ಸಮವಸ್ತ್ರದಿಂದ ಹಿಡಿದು ಮದುವೆಯ ಕೋಟಿನವರೆಗೆ ಅನ್ವಯವಾಗುವ ನೀತಿಯಿದು. ಅವಳು ಹಾಗೆಯೇ ಮಾಡಿದಳು. ಅದೂ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ. ಅಂಗಡಿಯ ಹೆಸರು ಇಲ್ಲಿ ಬೇಡ.

ಮೊದಲ ದಿನ ಹುಡುಗ ಹಿಮದ ಮೈದಾನದಲ್ಲಿ ಬೂಟು ಹಾಕಿಕೊಂಡು ಹಲಗೆಯ ಮೇಲೆ ಎಷ್ಟು ತುಳಿದರೂ ಅದು ಕಚ್ಚಿಕೊಳ್ಳಲಿಲ್ಲ. ಉಳಿದ ಮಕ್ಕಳೆಲ್ಲ ಓಡಿಹೋದ ಮೇಲೆ ಅವನೊಬ್ಬನೇ ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದನಂತೆ. ಬೂಟಿನ ಅಡಿಯ ರಚನೆ ಒಂದು ಪದ್ಧತಿಯದು, ಹಲಗೆಯ ಮೇಲಿನ ಕಟ್ಟು ಇನ್ನೊಂದು ಪದ್ಧತಿಯದು. ಅಂಗಡಿಯವರು ಬದಲಾಯಿಸಿಕೊಟ್ಟರು, ಆದರೆ ಅದೇ ದೊಡ್ಡ ಅಳತೆಯಲ್ಲಿ. ಈಗ ಕಟ್ಟು ಕಚ್ಚಿಕೊಂಡಿತು. ಹುಡುಗನ ಹಿಮ್ಮಡಿ ಬೊಬ್ಬೆಯೆದ್ದು ಒಡೆಯಿತು, ತಿರುವಿನಲ್ಲಿ ಹಲಗೆ ಅವನ ಮಾತು ಕೇಳದೆ ಹೋಯಿತು. ನಾನು ಅಲ್ಲಿಗೆ ಹೋಗಿ ಇಳಿದಾಗ ಹುಡುಗ ಆಟ ಬಿಡುತ್ತೇನೆಂದು ಕುಳಿತಿದ್ದ. "ಮಾವ, ನೀವೇ ಹೇಳಿದ್ದಲ್ವಾ ದೊಡ್ಡದು ತಗೋ ಅಂತ" ಎಂದು ಸೊಸೆ ನಗುತ್ತಲೇ ಹೇಳಿದಳು. ಆ ನಗುವಿನ ಭಾರ ನನ್ನ ಮೇಲೆ ಬಿತ್ತು.

ಹಿಮದ ಹಾವುಗೆ

ಸ್ಕೀ ಆಟದಲ್ಲಿ ಮುಖ್ಯವಾಗಿ ಎರಡು ಬಗೆ. ದೂರದರ್ಶನದಲ್ಲಿ ನಾವು ಹೆಚ್ಚಾಗಿ ಕಾಣುವುದು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಧುಮುಕುವ ಬಗೆ. ಅಲ್ಲಿ ಬೂಟಿನ ಮುಂದೆಯೂ ಹಿಂದೆಯೂ ಹಲಗೆಗೆ ಬಿಗಿತ. ಬಿದ್ದರೆ ಮೊಣಕಾಲು ತಿರುಚದಂತೆ ತಾನಾಗಿ ಬಿಟ್ಟುಕೊಳ್ಳುವ ಏರ್ಪಾಡು. ಎರಡನೆಯದು ಬಯಲು, ಕಾಡು, ಏರುತಗ್ಗುಗಳಲ್ಲಿ ಮೈಲುಗಟ್ಟಲೆ ಓಡುವ ಬಗೆ. ಇದನ್ನು ಕ್ರಾಸ್ ಕಂಟ್ರಿ ಎನ್ನುತ್ತಾರೆ. ಇಲ್ಲಿ ಬೂಟನ್ನು ಬೆರಳಿನ ತುದಿಯಲ್ಲಿ ಮಾತ್ರ ಹಿಡಿಯಲಾಗುತ್ತದೆ. ಹಿಮ್ಮಡಿ ಪ್ರತಿ ಹೆಜ್ಜೆಗೂ ಹಲಗೆಯಿಂದ ಮೇಲೇಳುತ್ತದೆ.

ಸ್ಕೀ ಎಂಬ ಶಬ್ದ ನಾರ್ವೆಯ ಹಳೆಯ ಭಾಷೆಯದು, ಸೀಳಿದ ಮರದ ತುಂಡು ಎಂಬ ಅರ್ಥದ್ದು. ನಾರ್ವೆಯವರು ಅದನ್ನು ಇಂದಿಗೂ 'ಶೀ' ಎಂದೇ ಉಚ್ಚರಿಸುತ್ತಾರೆ. ನಮ್ಮ 'ಸೀಳು' ಶಬ್ದಕ್ಕೂ ಇದಕ್ಕೂ ನಂಟು ಕಟ್ಟಲು ಹೊರಡುವ ಉತ್ಸಾಹಿಗಳಿಗೆ ನನ್ನದೊಂದು ವಿನಂತಿ: ಧ್ವನಿ ಹೋಲಿದ ಮಾತ್ರಕ್ಕೆ ಶಬ್ದಗಳು ಅಣ್ಣತಮ್ಮಂದಿರಾಗುವುದಿಲ್ಲ. ಆದರೆ ವಸ್ತುವಿಗೆ ನಮ್ಮಲ್ಲಿ ಹೋಲಿಕೆ ಇಲ್ಲವೆನ್ನಲಾಗದು. ನಾನು ಅದನ್ನು ಹಿಮದ ಹಾವುಗೆ ಎಂದು ಕರೆಯಲು ಇಚ್ಛಿಸುತ್ತೇನೆ.

ಬಾಲ್ಯದಲ್ಲಿ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವನು ನಾನು. ಹಿರಿಯ ಸ್ವಾಮಿಗಳ ಹಾವುಗೆಯ ಸದ್ದು ಕೋಳಿ ಕೂಗುವ ಮುನ್ನವೇ ನಮ್ಮನ್ನು ಎಬ್ಬಿಸುತ್ತಿತ್ತು. ಅವರು ಪೂಜೆಗೆ ಕುಳಿತಾಗ ನಾವು ಇಬ್ಬರು ಮೂವರು ಹುಡುಗರು ಹೊಸ್ತಿಲಾಚೆ ಬಿಟ್ಟಿದ್ದ ಆ ಹಾವುಗೆಯನ್ನು ಮೆಟ್ಟಿ ನೋಡಿ, ಅದಕ್ಕೆ ತಕ್ಕ ಶಿಕ್ಷೆಯನ್ನೂ ಪಡೆದಿದ್ದೇವೆ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಿಕ್ಕುವ ಮರದ ಗುಬಟು ಒಂದೇ ಅಲ್ಲಿ ಆಧಾರ. ಹಿಮ್ಮಡಿ ಎತ್ತಿದರೆ ಮರ ಕೆಳಗೇ ಉಳಿಯುತ್ತದೆ, ಬೆರಳು ಬಿಗಿದರೆ ಹಿಂದೆ ಬರುತ್ತದೆ. ನಿಧಾನವಾಗಿ ನಡೆಯಬಹುದು, ಓಡಲಾಗದು. ಪಕ್ಕಕ್ಕೆ ತಿರುಗಿದರೆ ಮರ ತನ್ನ ದಾರಿ ಹಿಡಿಯುತ್ತದೆ. ಕ್ರಾಸ್ ಕಂಟ್ರಿ ಸ್ಕೀಯ ಕಟ್ಟನ್ನು ರಚಿಸುವವನ ಮುಂದಿರುವ ಸಮಸ್ಯೆ ಇದೇ: ಹಾವುಗೆಯ ಬಿಡುಗಡೆ ಬೇಕು, ಹಾವುಗೆಯ ತಪ್ಪಿಸಿಕೊಳ್ಳುವ ಗುಣ ಬೇಡ.

ಹಿಮ್ಮಡಿ ಏಕೆ ಏಳಬೇಕು ಎಂಬುದನ್ನು ಸ್ವಲ್ಪ ವಿವರಿಸಬೇಕು. ಸ್ಕೀ ಹಲಗೆ ನೋಡಲು ನೇರವಾಗಿ ಕಂಡರೂ ನೆಲದ ಮೇಲಿಟ್ಟರೆ ನಡುಭಾಗ ಬಿಲ್ಲಿನಂತೆ ಮೇಲೆದ್ದಿರುತ್ತದೆ. ಆ ನಡುಭಾಗದ ಅಡಿಗೆ ಹಿಮವನ್ನು ಹಿಡಿಯುವ ಮೇಣ ಹಚ್ಚುತ್ತಾರೆ. ತುದಿಗಳಿಗೆ ಜಾರುವ ಮೇಣ. ಓಟಗಾರ ಎರಡೂ ಕಾಲಿನ ಮೇಲೆ ಸಮನಾಗಿ ನಿಂತಾಗ ನಡುಭಾಗ ಹಿಮಕ್ಕೆ ತಾಗದು, ಹಲಗೆ ಜಾರುತ್ತದೆ. ಒಂದೇ ಕಾಲಿನ ಮೇಲೆ ಭಾರವೆಲ್ಲ ಹಾಕಿ ಮುಂಗಾಲಿನಿಂದ ಒತ್ತಿದಾಗ ಬಿಲ್ಲು ಚಪ್ಪಟೆಯಾಗಿ, ಮೇಣ ಹಿಮವನ್ನು ಕಚ್ಚಿ, ಅವನನ್ನು ಮುಂದಕ್ಕೆ ತಳ್ಳುತ್ತದೆ. ಮುಂಗಾಲಿನಿಂದ ಒತ್ತಬೇಕಾದರೆ ಹಿಮ್ಮಡಿ ಏಳಲೇಬೇಕು. ಹಿಮ್ಮಡಿಯನ್ನು ಕಟ್ಟಿಹಾಕಿದರೆ ಒತ್ತು ಇಲ್ಲ, ಒತ್ತು ಇಲ್ಲದೆ ಓಟವಿಲ್ಲ.

ಎದ್ದ ಹಿಮ್ಮಡಿ ಮತ್ತೆ ಇಳಿಯುವಾಗ ಹಲಗೆಯ ನೇರಕ್ಕೇ ಇಳಿಯಬೇಕು. ಒಂದು ಬೆರಳಗಲ ಆಚೀಚೆಯಾದರೂ ತಿರುವಿನಲ್ಲಿ ಹತೋಟಿ ತಪ್ಪುತ್ತದೆ. ಕಾಲನ್ನು ಗಾಳಿಯಲ್ಲಿ ಎತ್ತಿದಾಗ ಹಲಗೆ ತೂಗಾಡಬಾರದು. ಅದಕ್ಕಾಗಿ ಬೆರಳು ಸಿಕ್ಕುವ ಜಾಗವನ್ನು ಹಲಗೆಯ ತೂಕ ಸಮನಾಗುವ ಬಿಂದುವಿನ ಮೇಲೆಯೇ ಇಡುವುದು ವಾಡಿಕೆ. ಹೆಗಲ ಮೇಲೆ ಅಡ್ಡೆ ಹೊತ್ತವರಿಗೆ ಈ ಬಿಂದುವಿನ ಬೆಲೆ ಗೊತ್ತು. ಕೀಲು ಆ ಬಿಂದುವಿಗಿಂತ ಬಹಳ ಹಿಂದಿದ್ದರೆ ಹಲಗೆಯ ಮೂತಿ ಕೆಳಗೆ ಬಾಗಿ ಹಿಮಕ್ಕೆ ಚುಚ್ಚುತ್ತದೆ, ಬಹಳ ಮುಂದಿದ್ದರೆ ಬಾಲ ಎಳೆಯುತ್ತದೆ.

ತೊಗಲು, ಬೇರು, ಕಬ್ಬಿಣ

ನಾರ್ವೆಯ ಡಿಗರ್ವಾರ್ಡನ್ ಎಂಬ ಬೆಟ್ಟದಲ್ಲಿ ಕರಗುತ್ತಿರುವ ಹಳೆಯ ಹಿಮಗಡ್ಡೆಯೊಳಗಿಂದ 2014ರಲ್ಲಿ ಒಂದು ಸ್ಕೀ ಹೊರಬಂತು. ಅದರ ಜೋಡಿ ಅಲ್ಲೇ ಕೆಲವು ಮೀಟರುಗಳ ಆಚೆ 2021ರಲ್ಲಿ ದೊರೆಯಿತು. ಸುಮಾರು 1300 ವರ್ಷಗಳ ಹಿಂದಿನ ಜೋಡಿಯಿದು. ನಮ್ಮಲ್ಲಿ ಬಾದಾಮಿಯ ಚಾಲುಕ್ಯರ ಕೊನೆಗಾಲ. ಎರಡನೆಯ ಹಲಗೆಯ ಉದ್ದ 187 ಸೆಂಟಿಮೀಟರು, ಅಗಲ 17 ಸೆಂಟಿಮೀಟರು. ಅದರ ಹೆಚ್ಚುಗಾರಿಕೆ ಏನೆಂದರೆ, ಕಟ್ಟು ಕೂಡ ಉಳಿದುಬಂದಿದೆ. ಕಾಲಿಡುವ ಎತ್ತರಿಸಿದ ಜಾಗದಲ್ಲಿ ಅಡ್ಡಲಾಗಿ ಕೊರೆದ ರಂಧ್ರ. ಹೊಸೆದ ಬರ್ಚ್ ಮರದ ಬಳ್ಳಿಗಳು, ಒಂದು ತೊಗಲ ಪಟ್ಟಿ, ಒಂದು ಮರದ ಬೆಣೆ. ಹಲಗೆಯನ್ನು ದುರಸ್ತಿ ಮಾಡಿದ ಗುರುತುಗಳೂ ಇವೆಯಂತೆ. ಕತ್ತಾಳೆ ನಾರನ್ನು ಹೊಸೆದು ಹಗ್ಗ ಮಾಡುವುದನ್ನು ಕಂಡ ನಮ್ಮ ರೈತರಿಗೆ ಆ ಕಟ್ಟನ್ನು ತೋರಿಸಿದರೆ ವಿವರಣೆಯೇ ಬೇಕಾಗಲಾರದು. ನೇಗಿಲ ಈಸಿಗೂ ನೊಗಕ್ಕೂ ಮಿಣಿ ಕಟ್ಟುವವನು ಕೂಡ ಬಿಗಿಯಾಗಿಯೇ ಕಟ್ಟುತ್ತಾನೆ, ಆದರೆ ನೊಗ ಅತ್ತಿತ್ತ ಆಡುವಷ್ಟು ಎಡೆ ಬಿಟ್ಟಿರುತ್ತಾನೆ.

ಬೆರಳಿಗೆ ಮಾತ್ರ ಪಟ್ಟಿ ಇದ್ದ ಕಾಲದಲ್ಲಿ ಇಳಿಜಾರಿನಲ್ಲಿ ತಿರುಗುವುದು, ಹಾರುವುದು ದುಸ್ತರವಾಗಿತ್ತು. ನಾರ್ವೆಯ ತೆಲೆಮಾರ್ಕ್ ಪ್ರಾಂತದ ಮೊರ್ಗೆದಾಲ್ ಎಂಬ ಹಳ್ಳಿಯ ಬಡ ಗೇಣಿದಾರ ಸೊಂದ್ರೆ ನೂರ್‌ಹೈಮ್ (1825-1897) ಹೊಸೆದ ಬೇರಿನ ಬಳ್ಳಿಯನ್ನು ಹಿಮ್ಮಡಿಯ ಸುತ್ತ ತಂದು ಕಟ್ಟಿದ. ಬೇರಿಗೆ ಬಿಗಿತವೂ ಇದೆ, ಬಾಗುವ ಗುಣವೂ ಇದೆ. ಹಿಮ್ಮಡಿ ಏಳುತ್ತಿತ್ತು, ಆದರೆ ಪಕ್ಕಕ್ಕೆ ಓಡಿಹೋಗುತ್ತಿರಲಿಲ್ಲ. 1868ರಲ್ಲಿ ಆತ ಸುಮಾರು 200 ಕಿಲೋಮೀಟರು ಸ್ಕೀ ಮೇಲೆಯೇ ನಡೆದು ರಾಜಧಾನಿಗೆ ಬಂದು, ನಲವತ್ತು ದಾಟಿದ ವಯಸ್ಸಿನಲ್ಲಿ, ನಗರದ ತರುಣರನ್ನು ಬೆರಗುಗೊಳಿಸಿದ. ಕೀರ್ತಿಯಿಂದ ಹೊಟ್ಟೆ ತುಂಬಲಿಲ್ಲ. 1884ರಲ್ಲಿ ಕುಟುಂಬದೊಡನೆ ಅಮೆರಿಕೆಗೆ ವಲಸೆ ಹೋಗಿ, ಮೊದಲು ಮಿನ್ನೆಸೋಟದಲ್ಲಿ, ಬಳಿಕ ಉತ್ತರ ಡಕೋಟದಲ್ಲಿ ನೆಲಸಿ ಅಲ್ಲಿಯೇ ತೀರಿಕೊಂಡ. ನಮ್ಮ ಹುಡುಗನಿರುವ ನಾಡಿಗೆ ಈ ಕಟ್ಟಿನ ನೆನಪು ಹೀಗೆ ವಲಸೆಗಾರರ ಗಂಟಿನಲ್ಲಿಯೇ ಬಂದದ್ದು.

ಬೇರಿನ ನಂತರ ಕಬ್ಬಿಣ ಬಂತು. 1894ರಲ್ಲಿ ಫ್ರಿಟ್ಸ್ ಹುಯಿಟ್‌ಫೆಲ್ಟ್ ಹಲಗೆಯಲ್ಲಿ ಅಡ್ಡಲಾಗಿ ರಂಧ್ರ ಕೊರೆದು, ಅದರೊಳಗೆ ಕಬ್ಬಿಣದ ಪಟ್ಟಿ ತೂರಿಸಿ, ಎರಡು ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಬೂಟಿನ ಅಂಚುಗಳನ್ನು ಹಿಡಿಯುವಂತೆ ಮಾಡಿದ. ಹಿಮ್ಮಡಿಗೆ ಮಾತ್ರ ತೊಗಲ ಪಟ್ಟಿ. ಈ ಬಗೆಯ ಕಟ್ಟಿನೊಡನೆಯೇ ರೋಲ್ಡ್ ಅಮುಂಡ್ಸನ್ ಮತ್ತು ಸಂಗಡಿಗರು 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮುಟ್ಟಿದರು. ಆ ಪಯಣದಲ್ಲಿ ಅವರು ಪ್ರತಿ ಸಂಜೆ ಕಟ್ಟಿನ ತೊಗಲನ್ನು ಬಿಚ್ಚಿ ಡೇರೆಯೊಳಗೆ ಇಟ್ಟುಕೊಳ್ಳಬೇಕಾಗುತ್ತಿತ್ತು, ಏಕೆಂದರೆ ಬಂಡಿ ಎಳೆಯುವ ನಾಯಿಗಳು ಅದನ್ನು ತಿಂದುಬಿಡುತ್ತಿದ್ದವು. ಧ್ರುವಯಾತ್ರೆಯ ಯಶಸ್ಸು ಒಂದು ತೊಗಲ ಪಟ್ಟಿಯನ್ನು ನಾಯಿಯ ಬಾಯಿಂದ ಕಾಪಾಡುವುದರ ಮೇಲೆ ನಿಂತಿತ್ತೆಂಬುದು ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ.

ತೊಗಲ ಪಟ್ಟಿಯಿಂದ ಪೂರ್ಣ ಬಿಡುಗಡೆ ದೊರಕಿಸಿದವನು ಬ್ರೂರ್ ವಿತ್ ಎಂಬ ನಾರ್ವೆಯವನು. 1927ರಲ್ಲಿ ಆತ ರಚಿಸಿದ ಕಟ್ಟಿಗೆ ಹಿಮ್ಮಡಿಯ ಪಟ್ಟಿಯೇ ಇಲ್ಲ. ಬೂಟಿನ ಮುಂದಿನ ಅಟ್ಟೆಯನ್ನು ಕೆಳಗಿನಿಂದ ಮೊಳೆಗಳು ಕಚ್ಚುತ್ತವೆ, ಮೇಲಿನಿಂದ ಒಂದು ಕಂಬಿ ಒತ್ತಿ ಹಿಡಿಯುತ್ತದೆ. ನೋಡಿದರೆ ಇಲಿಬೋನಿನಂತೆಯೇ ಇದೆ. ಅವರ ಭಾಷೆಯಲ್ಲಿ ಇಲಿಬೋನಿಗೆ ರೊಟ್ಟೆಫೆಲ್ಲ ಎಂದು ಹೆಸರು, ಕಟ್ಟಿಗೂ ಅದೇ ಹೆಸರು ನಿಂತಿತು. ಮರುವರ್ಷ ಸೇಂಟ್ ಮಾರಿಟ್ಸ್ ಒಲಿಂಪಿಕ್ಸಿನಲ್ಲಿ ಯೋಹಾನ್ ಗ್ರೊಟ್ಟುಮ್ಸ್‌ಬ್ರೋಟನ್ ಇದನ್ನು ತೊಟ್ಟು ಚಿನ್ನ ಗೆದ್ದ ಮೇಲೆ ಅದು ಎಲ್ಲರ ಬಾಯಲ್ಲಿ ನಲಿಯಿತು. ಮೂರು ಮೊಳೆಯ ಈ ಕಟ್ಟು ಮುಂದೆ ಐವತ್ತು ವರ್ಷಗಳ ಕಾಲ ಜಗತ್ತನ್ನು ಆಳಿತು. ಮೊಳೆಗಳಿರುವಲ್ಲಿ ಅಟ್ಟೆಯ ಅಗಲ 75 ಮಿಲಿಮೀಟರು ಎಂಬುದು ಒಪ್ಪಿತ ಅಳತೆಯಾಯಿತು. ಯಾವ ಊರಿನ ಬೂಟಾದರೂ ಯಾವ ಊರಿನ ಹಲಗೆಗೂ ಹೊಂದುತ್ತಿತ್ತು.

ಅದಕ್ಕೊಂದು ದೌರ್ಬಲ್ಯವಿತ್ತು. ಹಿಮ್ಮಡಿ ಎದ್ದಾಗ ಬಾಗಬೇಕಾದುದು ಬೂಟಿನ ಅಟ್ಟೆ. ಸಾವಿರ ಸಲ ಬಾಗಿದ ಅಟ್ಟೆಯಲ್ಲಿ ಮೊಳೆಯ ರಂಧ್ರಗಳು ಅಗಲವಾಗಿ, ಒಂದು ದಿನ ನಡುಕಾಡಿನಲ್ಲಿ ಮುಂದಿನ ತುಟಿಯೇ ಕಿತ್ತುಬರುತ್ತಿತ್ತು. ನನ್ನ ಉಂಗುಷ್ಠ ಕಿತ್ತುಬಂದದ್ದೂ ಹೀಗೆಯೇ ಅಲ್ಲವೆ! ವ್ಯತ್ಯಾಸವಿಷ್ಟೆ, ನನಗೆ ಹ್ಯಾಂಡ್‌ಪೋಸ್ಟಿನಲ್ಲಿ ಹೊಲಿಯುವವರು ಸಿಕ್ಕಿದರು.

ಕಟ್ಟು ಕೀಲಾದ ಬಗೆ

1970ರ ದಶಕದ ಕೊನೆಯಿಂದ ತಯಾರಕರ ಆಲೋಚನೆ ಬೇರೆ ದಾರಿ ಹಿಡಿಯಿತು. ಅಟ್ಟೆಯನ್ನು ಬಾಗಿಸುವ ಬದಲು ಬೂಟಿನ ಮೂತಿಯ ಅಡಿಯಲ್ಲಿ ಒಂದು ಉಕ್ಕಿನ ಸರಳನ್ನು ಅಡ್ಡಲಾಗಿ ಹುದುಗಿಸಿದರು. ಹಲಗೆಯ ಮೇಲಿನ ದವಡೆ ಆ ಸರಳನ್ನು ಕಚ್ಚುತ್ತದೆ. ಬಾಗಿಲ ಕೀಲಿನಂತೆ ಬೂಟು ಆ ಸರಳಿನ ಮೇಲೆ ತಿರುಗುತ್ತದೆ. ಹೀಗೆ ಕಟ್ಟು ಎಂಬುದು ಕೀಲಾಯಿತು. ಭಾಷೆಯ ವಿದ್ಯಾರ್ಥಿಯಾದ ನನಗೆ ಈ ಬದಲಾವಣೆ ಬಹಳ ಹಿಡಿಸಿತು. ಕಟ್ಟು ತಡೆಯುವುದಕ್ಕೆ, ಕೀಲು ತಿರುಗಿಸುವುದಕ್ಕೆ.

ಕೀಲಿನ ಮುಂದೆ ಒಂದು ರಬ್ಬರಿನ ತುಂಡು ಇರುತ್ತದೆ. ಹಿಮ್ಮಡಿ ಎದ್ದಾಗ ಬೂಟಿನ ಮೂತಿ ಅದನ್ನು ಅದುಮುತ್ತದೆ, ಅದು ಮರಳಿ ತಳ್ಳಿ ಹಲಗೆಯನ್ನು ಬೂಟಿನ ಕಡೆಗೆ ಸೆಳೆಯುತ್ತದೆ. ಹಾವುಗೆ ಮೆಟ್ಟಿದವರು ಬೆರಳು ಬಿಗಿದು ಮಾಡುವ ಕೆಲಸವನ್ನು ಇಲ್ಲಿ ರಬ್ಬರು ಮಾಡುತ್ತದೆ. ಅದು ಮೆತ್ತಗಿದ್ದರೆ ಹಿಮ್ಮಡಿ ಸಲೀಸಾಗಿ ಏಳುತ್ತದೆ, ನೇರ ಜಾಡಿನ ಓಟಕ್ಕೆ ಅದು ಹಿತ. ಗಡುಸಾಗಿದ್ದರೆ ಹಲಗೆ ಬೇಗ ಹಿಂದಿರುಗುತ್ತದೆ. ಹಲಗೆಯನ್ನು ಓರೆಯಾಗಿ ತಳ್ಳುತ್ತ ಓಡುವ ಸ್ಕೇಟಿಂಗ್ ಶೈಲಿಗೆ ಅದು ಬೇಕು. ಬೂಟಿನ ಅಡಿಯಲ್ಲಿ ಉದ್ದಕ್ಕೂ ಗಾಡಿ, ಹಲಗೆಯ ಮೇಲೆ ಅದಕ್ಕೆ ಸರಿಯಾದ ದಿಂಡು. ಇಳಿದ ಹಿಮ್ಮಡಿ ಅದರಲ್ಲಿ ಕುಳಿತು ಪಕ್ಕಕ್ಕೆ ಸರಿಯದಂತಾಗುತ್ತದೆ.

ಚಳಿಯೇ ಇಲ್ಲಿ ದೊಡ್ಡ ಪರೀಕ್ಷಕ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಪ್ಲಾಸ್ಟಿಕ್ ಹುರಿಗಡಲೆಯಂತೆ ಸಿಡಿಯಬಾರದು, ರಬ್ಬರು ಕಲ್ಲಾಗಬಾರದು. ಬೂಟಿನಡಿ ಹಿಮ ತುಂಬಿ ಗಡ್ಡೆ ಕಟ್ಟಿದರೆ ದವಡೆ ಮುಚ್ಚಿಕೊಳ್ಳದು. ಓಟಗಾರರು ಹಲಗೆ ಏರುವ ಮುನ್ನ ಊರುಗೋಲಿನಿಂದ ಬೂಟಿನಡಿ ಬಡಿದುಕೊಳ್ಳುವುದು ಅದಕ್ಕೇ. ತೂಕವೂ ಮುಖ್ಯ. ಇಂದಿನ ಓಟದ ಸ್ಕೀ ಎರಡು ಮೀಟರು ಉದ್ದವಿದ್ದರೂ ಅಗಲ ನಾಲ್ಕೂವರೆ ಸೆಂಟಿಮೀಟರಿನ ಆಸುಪಾಸು, ಜೋಡಿಯ ತೂಕ ಒಂದು ಕಿಲೋದಷ್ಟು. ಅದರ ಮೇಲೆ ಕೂರುವ ಕೀಲಿನಲ್ಲಿ ಒಂದೊಂದು ಗ್ರಾಮಿಗೂ ಲೆಕ್ಕ.

ಎಲ್ಲವೂ ಚೆನ್ನಾಯಿತು, ಒಂದು ಮಾತ್ರ ಕೆಟ್ಟಿತು. ಮೂರು ಮೊಳೆಯ ಕಾಲದ ಏಕರೂಪತೆ ಹೋಯಿತು. ಫ್ರಾನ್ಸಿನ ಸಾಲೊಮನ್ ಕಂಪನಿ ಒಂದು ಪದ್ಧತಿ ತಂದಿತು, ನಾರ್ವೆಯ ರೊಟ್ಟೆಫೆಲ್ಲ ಇನ್ನೊಂದನ್ನು ತಂದಿತು. ಎರಡರಲ್ಲೂ ಸರಳಿದೆ, ಎರಡೂ ಕಣ್ಣಿಗೆ ಒಂದೇ. ಆದರೆ ಒಂದರ ಅಡಿಯಲ್ಲಿ ಅಗಲವಾದ ಒಂದೇ ಗಾಡಿ, ಇನ್ನೊಂದರಲ್ಲಿ ಕಿರಿದಾದ ಎರಡು. ಹಲವು ದಶಕ ಈ ಪೈಪೋಟಿ ನಡೆದು, 2016ರ ಸುಮಾರಿಗೆ ಸಾಲೊಮನ್ನಿನವರೂ ನಾರ್ವೆಯ ಬೂಟಿಗೆ ಹೊಂದುವ ಕಟ್ಟನ್ನು ಹೊರತಂದರು. ಹೊಸದನ್ನು ಕೊಳ್ಳುವವರಿಗೆ ಈಗ ತೊಂದರೆ ಕಡಿಮೆ. ಹಳೆಯದನ್ನು ಕೊಳ್ಳುವ ಬಡ ಮಧ್ಯಮ ವರ್ಗದ ತಾಯಂದಿರು ಮಾತ್ರ ಬೂಟನ್ನು ಮಗುಚಿ ಅಡಿ ನೋಡಬೇಕು. ಇಬ್ಬರು ವ್ಯಾಪಾರಿಗಳ ಹಟದ ಫಲವನ್ನು, ಆ ಹಟ ಮುಗಿದ ಮೇಲೆ, ಹನ್ನೊಂದು ವರ್ಷದ ಹುಡುಗನೊಬ್ಬ ಹಿಮದಲ್ಲಿ ನಿಂತು ಉಂಡನೆಂಬುದು ನನಗೆ ನ್ಯಾಯವಾಗಿ ಕಾಣಲಿಲ್ಲ.

ಅಡುಗೆಕೋಣೆಯ ಪರೀಕ್ಷೆ

ಹುಡುಗನ ತರಬೇತುದಾರ್ತಿ ಒಂದು ಸಂಜೆ ಮನೆಗೆ ಬಂದರು. ಹಲಗೆಗಳನ್ನು ಅಡುಗೆಕೋಣೆಯ ನಯವಾದ ನೆಲದ ಮೇಲಿಡಿಸಿ, ಹುಡುಗನನ್ನು ನಿಲ್ಲಿಸಿ, ಅಡಿಗೆ ಒಂದು ಕಾಗದ ತೂರಿಸಿದರು. ಎರಡು ಕಾಲಿನ ಮೇಲೆ ನಿಂತಾಗ ಕಾಗದ ಸರಾಗವಾಗಿ ಆಡಿತು. ಒಂದೇ ಕಾಲಿಗೆ ಭಾರ ಹಾಕಿದಾಗ ಅಂಟಿಕೊಂಡಿತು. ಹಲಗೆ ಅವನ ತೂಕಕ್ಕೆ ಸರಿಯಾಗಿದೆ, ಕೀಲೂ ತಕ್ಕ ಜಾಗದಲ್ಲಿದೆ ಎಂದರು. ಇತ್ತೀಚಿನ ಹಲಗೆಗಳಲ್ಲಿ ಕೀಲನ್ನು ತಿರುಪು ಹೊಡೆದು ಕೂರಿಸದೆ, ಒಂದು ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಸುವಂತೆ ಮಾಡಿರುತ್ತಾರೆ. ಮುಂದೆ ಸರಿಸಿದರೆ ಹಿಡಿತ ಹೆಚ್ಚು, ಹಿಂದೆ ಸರಿಸಿದರೆ ಜಾರು ಹೆಚ್ಚು. ಆಮೇಲೆ ಅವರು ಬೂಟಿನ ಹಿಂಭಾಗವನ್ನು ಎರಡು ಕೈಯಿಂದ ಹಿಡಿದು ಹಿಮ್ಮಡಿ ಎತ್ತುವಂತೆ ಹೇಳಿದರು. ಬೂಟು ಅವರ ಕೈಯಲ್ಲೇ ಉಳಿಯಿತು, ಹುಡುಗನ ಹಿಮ್ಮಡಿ ಒಳಗೆ ಎರಡು ಬೆರಳು ಮೇಲೆದ್ದಿತು.

ಆಗ ನನಗೆ ಅರ್ಥವಾಯಿತು. ಇಲ್ಲಿರುವುದು ಒಂದು ಕಟ್ಟಲ್ಲ, ಎರಡು. ಬೂಟಿಗೂ ಹಲಗೆಗೂ ಇರುವುದು ಬೆರಳಲ್ಲಿ ಮಾತ್ರ ಹಿಡಿದ, ಹಿಮ್ಮಡಿಯನ್ನು ಬಿಟ್ಟುಕೊಟ್ಟ ಕಟ್ಟು. ಕಾಲಿಗೂ ಬೂಟಿಗೂ ಇರಬೇಕಾದುದು ಹಿಮ್ಮಡಿಯನ್ನು ಕದಲಗೊಡದ ಕಟ್ಟು. ಎರಡನೆಯದು ಬಿಗಿಯಾಗಿದ್ದರೆ ಮಾತ್ರ ಮೊದಲನೆಯದರ ಬಿಡುಗಡೆ ಪ್ರಯೋಜನಕ್ಕೆ ಬರುತ್ತದೆ. ದೊಡ್ಡ ಬೂಟಿನೊಳಗೆ ಹಿಮ್ಮಡಿ ಮೊದಲು ತಾನು ಏಳುತ್ತದೆ, ಆಮೇಲೆ ಬೂಟನ್ನು ಎಬ್ಬಿಸುತ್ತದೆ. ಆ ನಡುವಣ ಎರಡು ಬೆರಳಿನಲ್ಲಿ ಚರ್ಮ ಸವೆಯುತ್ತದೆ, ಹಲಗೆಯ ಹತೋಟಿ ಕಳೆದುಹೋಗುತ್ತದೆ. ಕೀಲನ್ನು ರಚಿಸಿದ ಎಂಜಿನಿಯರ್ ಒಂದೊಂದು ಮಿಲಿಮೀಟರಿಗೆ ಪಟ್ಟ ಶ್ರಮವೆಲ್ಲ ನನ್ನ ಮಿತವ್ಯಯದ ಉಪದೇಶದಿಂದ ವ್ಯರ್ಥವಾಗಿತ್ತು. ಮುಂದೆ ಕಿರುಬೆರಳಿನ ಅಗಲದಷ್ಟು ಎಡೆ, ಹಿಂದೆ ಎಡೆಯೇ ಇಲ್ಲ: ಇದೇ ಅಳತೆ ಎಂದು ತರಬೇತುದಾರ್ತಿ ಹೇಳಿದರು. ಮರುದಿನವೇ ಸರಿಯಾದ ಬೂಟು ಕೊಂಡದ್ದಾಯಿತು. ಆ ಹಣವನ್ನು ನಾನೇ ಕೊಟ್ಟೆನೆಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಯೇನಿಲ್ಲ, ದಂಡವದು.

ಸೊಸೆಯ ಒತ್ತಾಯಕ್ಕೆ ನಾನೂ ಒಮ್ಮೆ ಹಿತ್ತಲಿನ ಹಿಮದಲ್ಲಿ ಹಲಗೆ ಏರಿದೆ. 'ಟಕ್' ಎಂದು ದವಡೆ ಮುಚ್ಚಿದಾಗ ಐವತ್ತೈದು ವರ್ಷಗಳ ಹಿಂದಿನ ಹಾವುಗೆಯ ಸದ್ದೇ ಕಿವಿಗೆ ಬಂದಂತಾಯಿತು. ಹಿಮ್ಮಡಿ ಎತ್ತಿದೆ, ಹಲಗೆ ವಿಧೇಯವಾಗಿ ಹಿಂಬಾಲಿಸಿತು. ಮೂರನೆಯ ಹೆಜ್ಜೆಗೆ ಪಕ್ಕಕ್ಕೆ ಒರಗಿಬಿದ್ದೆ. ಬೆಟ್ಟ ಇಳಿಯುವವರ ಕಟ್ಟಿನಂತೆ ಇದು ಬಿದ್ದಾಗ ಬಿಟ್ಟುಕೊಳ್ಳುವುದಿಲ್ಲ. ಹಿಮ್ಮಡಿ ಸ್ವತಂತ್ರವಾಗಿರುವುದರಿಂದ ಕಾಲು ತಿರುಚುವ ಭಯ ಕಡಿಮೆ. ಆದರೆ ಎರಡು ಉದ್ದನೆಯ ಹಲಗೆ ಕಾಲಿಗಿಟ್ಟುಕೊಂಡು ಎದ್ದುನಿಲ್ಲುವ ವಿದ್ಯೆಯನ್ನು ಅರವತ್ತು ದಾಟಿದ ಮೇಲೆ ಕಲಿಯಲಾಗದು. ಹುಡುಗನೇ ದವಡೆಯನ್ನು ಊರುಗೋಲಿನಿಂದ ಒತ್ತಿ ಬಿಡಿಸಿ, "ಎದ್ದೇಳಿ ತಾತ" ಎಂದು ಕೈ ಕೊಟ್ಟ.

ಇದೆಲ್ಲ ಹಿಮದ ದೇಶದ ಸಂಗತಿ ಎಂದುಕೊಳ್ಳುವವರು ಪಿರಿಯಾಪಟ್ಟಣದಿಂದಾಚೆಗೆ ಕಣ್ಣು ಹಾಯಿಸಬೇಕು. ನಮ್ಮ ನೆರೆಯ ಕೊಡಗಿನ ಹೆಣ್ಣುಮಗಳು ತೆಕ್ಕಡ ಭವಾನಿ ನಂಜುಂಡ ಈ ಓಟದಲ್ಲಿ ಭಾರತವನ್ನು ಪ್ರತಿನಿಧಿಸುತ್ತಿರುವವರು. 2024ರಲ್ಲಿ ಗುಲ್‌ಮರ್ಗ್‌ನ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದರು. 2025ರಲ್ಲಿ ಚಿಲಿ ದೇಶದ ಕೊರ್ರಾಲ್ಕೊ ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 5 ಕಿಲೋಮೀಟರು ಮುಕ್ತ ಶೈಲಿಯ ಓಟವನ್ನು 21 ನಿಮಿಷ 4.9 ಸೆಕೆಂಡುಗಳಲ್ಲಿ ಮುಗಿಸಿ ಕಂಚಿನ ಪದಕ ಪಡೆದರು. ಕಾಫಿ ಗಿಡದ ನೆರಳಿನ ನಾಡಿನವರು ಹಿಮದಲ್ಲಿ ಹೀಗೆ ಓಡುತ್ತಾರೆಂದು ನಾನು ಎಣಿಸಿರಲಿಲ್ಲ. ಮುಕ್ತ ಶೈಲಿ ಎಂದರೆ ಮೇಲೆ ಹೇಳಿದ ಸ್ಕೇಟಿಂಗ್ ಶೈಲಿಯೇ. ಅಲ್ಲಿ ಬೂಟು ಗುಲ್ಫದ ಮೇಲಕ್ಕೂ ಬಿಗಿಯುತ್ತದೆ, ಅಟ್ಟೆ ಬಾಗುವುದಿಲ್ಲ, ಕೀಲಿನ ರಬ್ಬರು ಗಡುಸು. ಹಿಮವಿಲ್ಲದ ಊರಿನಲ್ಲಿ ಅಭ್ಯಾಸಕ್ಕೆ ಚಕ್ರದ ಸ್ಕೀ ಉಂಟು. ಮೊಳಕ್ಕಿಂತ ತುಸು ಉದ್ದನೆಯ ಹಲಗೆಗೆ ಎರಡು ಚಕ್ರ, ಅದರ ಮೇಲೆ ಇದೇ ಕೀಲು, ಇದೇ ಬೂಟು. ಡಾಂಬರು ರಸ್ತೆಯಲ್ಲಿ ಕಲಿತ ಹೆಜ್ಜೆಯನ್ನು ಕಾಲು ಹಿಮದಲ್ಲಿ ಮರೆಯದಿರುವುದು ಈ ಒಂದು ಕೀಲು ಎರಡೂ ಕಡೆ ಬದಲಾಗದಿರುವುದರಿಂದ. ನಮ್ಮ ಮಕ್ಕಳಲ್ಲಿ ಯಾರಿಗಾದರೂ ಈ ಹುಚ್ಚು ಹಿಡಿದರೆ ಹೆತ್ತವರು ಗದರದೆ, ಮೊದಲು ಕಾಲಿನ ಅಳತೆ ತೆಗೆಸಲಿ.

ನಾನು ಹಿಂದಿರುಗುವ ವಾರ ಹುಡುಗನ ಶಾಲೆಯ ಕೊನೆಯ ಓಟವಿತ್ತು. ಅರವತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಅವನು ನಲವತ್ತೊಂದನೆಯವನಾಗಿ ಬಂದ. ಬಂದವನೇ ಬೂಟು ಬಿಚ್ಚಿ, ಕಾಲುಚೀಲ ಕಳಚಿ, ತಾಯಿಗೆ ಹಿಮ್ಮಡಿ ತೋರಿಸಿದ. ಹಳೆಯ ಗಾಯ ಮಾಗಿತ್ತು, ಹೊಸದಿರಲಿಲ್ಲ. ನನ್ನ ಮಾತು ಕೇಳಿ ತಂದ ದೊಡ್ಡ ಬೂಟುಗಳು ಅವರ ಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುಬಿದ್ದಿವೆ. ಇನ್ನೆರಡು ಚಳಿಗಾಲ ಕಳೆದರೆ ಸರಿಯಾಗಿ ಬರುತ್ತವೆಂದು ಸೊಸೆ ಲೆಕ್ಕ ಹಾಕಿಟ್ಟಿದ್ದಾಳೆ.